ಟೇಪು ಹಿಡಿದು ಊರು ಕಟ್ಟಿದ್ದು

ಕಾಗದದ ಮೇಲೆ ಊರು ಬರೆಯುವುದು ಸುಲಭ. ಅದರೊಳಗೆ ಜನ ಬಂದರೆ ಫಜೀತಿಗಳಿಗೆ ಕೊನೆಯೇ ಇಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು, ನಾನಾಗ ಓವರ್‌ಸಿಯರ್. ಮುಳಬಾಗಿಲು ಕಡೆಯ ಒಂದು ಹಳ್ಳಿ ಹೊಸ ಕೆರೆಯಲ್ಲಿ ಮುಳುಗುವುದಿತ್ತು. ಮರವಿಲ್ಲದ ಬೋಳು ಬಯಲಲ್ಲಿ ಅವರಿಗೆ ನಲವತ್ತು ಮನೆ ಕಟ್ಟಬೇಕು. ಹಿಡಿಸದಿದ್ದರೆ ಕದಲುವುದಿಲ್ಲ ಎಂದು ಜನ ಪಟ್ಟು ಹಿಡಿದಿದ್ದರು.

ನೆಟ್ಟನೆಯ ಬೀದಿ

ವಿಲಾಯತಿಯಲ್ಲಿ ಓದಿ ಬಂದಿದ್ದ ನಮ್ಮ ಇಂಜಿನಿಯರು ಉದ್ದಕ್ಕೂ ಒಂದೇ ನೆಟ್ಟನೆಯ ಬೀದಿಗೆ ಸುಣ್ಣದ ಗೆರೆ ಹಾಕಿಸಿದರು. ಪಟೇಲರಿಗೆ ಅದನ್ನು ತೋರಿಸುತ್ತಿದ್ದಾಗಲೇ ಬಿಸಿಗಾಳಿ ಬೀಸಿ ಇಂಜಿನಿಯರ ಟೋಪಿ ಹಾರಿತು. ಗೆರೆ ತುಳಿಯದೆ, ಬೀದಿಯ ನಡುವೆಯೇ ಉರುಳಿಕೊಂಡು ಊರಾಚೆ ಹೋಯಿತು.

ಪಟೇಲರು ಕಣ್ಣಿಗೆ ಬಿದ್ದ ಧೂಳು ಒರೆಸಿಕೊಂಡು, "ನಮ್ಮ ಹಳೇ ಊರಾಗಿದ್ರೆ ಮೂರನೇ ಮನೆ ತಿರುವಲ್ಲೇ ಸಿಗ್ತಿತ್ತು ಸ್ವಾಮಿ. ಈಗ ಗಡಿಯಾಚೆ ಪುಂಗನೂರಲ್ಲಿ ವಿಚಾರಿಸಬೇಕು" ಎಂದರು.

ಮರುದಿನ ಬೀದಿ ನಾಲ್ಕು ಕಡೆ ತಿರುಗಿತ್ತು.

ಜಗಲಿ

ನಕ್ಷೆಯಲ್ಲಿ ಜಗಲಿ ಇರಲಿಲ್ಲ. ಮುಳಬಾಗಿಲಿನ ಗಾರೆ ಸಾಬರು ಮೊದಲ ಮನೆಗೆ ತಾವಾಗಿಯೇ ಒಂದು ಕಟ್ಟಿಬಿಟ್ಟರು. ಇಂಜಿನಿಯರು ಉರಿಬಿಸಿಲಲ್ಲಿ ಬಂದು, "ಒಡೆದು ಹಾಕಿ!" ಎಂದು ಕೂಗಿ, ಸುಸ್ತಾಗಿ ಅದರ ಮೇಲೇ ಕೂತರು. ಯಾರೋ ಮಜ್ಜಿಗೆ ಕೊಟ್ಟರು. ಸೂರಿನ ನೆರಳು, ತಣ್ಣನೆಯ ಗಾರೆ. ಹಾಗೇ ಒರಗಿ ಗೊರಕೆ ಹೊಡೆದರು.

ಸಾಬರು ಹಾರೆ ಹಿಡಿದು ಕಾದು ಕಾದು, "ಸಾಬ್, ಸ್ವಲ್ಪ ಏಳಿ. ಒಡೀಬೇಕು" ಎಂದರು.

ಇಂಜಿನಿಯರು ಕಣ್ಣು ಬಿಡದೆಯೇ ಹೇಳಿದರು: "ನಾಳೆ ನೋಡೋಣ ಹೋಗ್ರೀ!"

ನಕ್ಷೆಯಲ್ಲಿ ನಲವತ್ತು ಮನೆಗೂ ಜಗಲಿ ಬಂತು.

ಒಪ್ಪಿಗೆ

ಕೊನೆಗೆ ಇಂಜಿನಿಯರೇ ಸೋತು, "ಒಳ್ಳೇ ಹಳೇ ಮನೆಯೊಂದನ್ನ ಅಳೆದುಕೊಂಡು ಬಾ, ಹಾಗೇ ಕಟ್ಟೋಣ" ಎಂದು ನನ್ನನ್ನು ಶ್ರೀನಿವಾಸಪುರಕ್ಕೆ ಕಳಿಸಿದರು. ಅಲ್ಲಿ ಒಂದು ತೊಟ್ಟಿ ಮನೆ ಕಂಡು ಬಾಗಿಲು ತಟ್ಟಿದೆ. ಅವತ್ತೇ ಆ ಮನೆಗೆ ಹುಡುಗಿ ನೋಡಲು ಕೋಲಾರದಿಂದ ವರ ಬರುವುದಿತ್ತಂತೆ, ನನಗೇನು ಗೊತ್ತು?

"ಮನೆ ನೋಡ್ಬೇಕಿತ್ತು" ಎಂದೆ.

"ನೋಡ್ಲೇಬೇಕಲ್ಲ! ರಾ ನಾಯನಾ, ರಾ" ಎಂದು ಆ ಮನೆಯ ಅಜ್ಜಿ ತೆಲುಗಿನಲ್ಲೇ ಉಪಚರಿಸಿ ಕೈಹಿಡಿದು ಒಳಗೆ ಕರೆದೊಯ್ದರು. ಕೇಸರಿಬಾತು ಬಂತು. ಓವರ್‌ಸಿಯರಿಗೆ ಎಂಥ ಮರ್ಯಾದೆ ಎಂದು ಹಿಗ್ಗಿ ತಿಂದೆ. ಯಾರೋ ಕಾಫಿ ತಂದು ಮುಂದೆ ನಿಂತರು. ನನ್ನ ಕಣ್ಣು ಕಂಬಗಳ ಮೇಲಿತ್ತು.

ಯಜಮಾನರು ಮೆಲ್ಲಗೆ, "ಒಪ್ಪಿಗೆ ಆಯ್ತಾ?" ಎಂದರು.

"ತುಂಬಾ! ಇಂಥವೇ ನಲವತ್ತು ಬೇಕು ನಮಗೆ" ಎಂದೆ.

ಅಜ್ಜಿ ಕೇಸರಿಬಾತಿನ ತಟ್ಟೆ ಕಿತ್ತುಕೊಂಡರು. ಯಜಮಾನರು ಪಂಚೆ ಎತ್ತಿ ಕಟ್ಟಿದರು. ನಾನು ಟೇಪು ಬಿಚ್ಚಿ ತೋರಿಸಿ, ವಿಷಯ ಹೇಳುವಷ್ಟರಲ್ಲಿ ನಿಜವಾದ ವರ ಬಾಗಿಲಿಗೆ ಬಂದ.

ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತು ಕೇಳಿದರು: "ನಾಯನಾ, ನೀನು ಹುಡುಗೀನ ನೋಡಾಕ್ ಬಂದಿದ್ದೀಯೋ, ಮನೆ ನೋಡಾಕೋ?"