ಷಡ್ಡಕ ಕಟ್ಟಿದ ಕರ್ನಲ್

ಹೊಟ್ಟೆಕಿಚ್ಚಿಗೆ ಒಂದು ಅಳತೆಯ ದೂರ ಬೇಕು ಎಂಬುದು ನನ್ನ ಅನುಭವ. ಆಕಾಶಕ್ಕೆ ರಾಕೆಟ್ ಹಾರಿಸುವ ಸಿರಿವಂತರ ಸುದ್ದಿ ಓದಿದರೆ ನನಗೆ ಏನೂ ಅನ್ನಿಸುವುದಿಲ್ಲ, ಹಾರಿಸಿಕೊಳ್ಳಲಿ, ಪಾಪ. ಪಕ್ಕದ ಮನೆಯವರ ಮೇಲೂ ಕಿಚ್ಚು ಹುಟ್ಟುವುದಿಲ್ಲ, ಅವರ ಜಗಳವೆಲ್ಲ ಗೋಡೆಯಾಚೆಯಿಂದ ಕೇಳಿಸಿ ಮನಸ್ಸು ತಂಪಾಗಿಯೇ ಇರುತ್ತದೆ. ಸರಿಯಾದ ದೂರವೆಂದರೆ ಕಡೂರಿನಿಂದ ತರೀಕೆರೆಯಷ್ಟು. ಸುಖ ಮಾತ್ರ ಕಾಣಿಸಬೇಕು, ಕಷ್ಟ ಕಾಣಿಸಬಾರದು, ಅಷ್ಟು. ನಾನು ಇರುವುದು ಕಡೂರಿನಲ್ಲಿ. ತರೀಕೆರೆಯಲ್ಲಿ ಇರುವವನು ರುದ್ರೇಶ, ನನ್ನ ಹೆಂಡತಿ ಸುಮಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ. ನಮ್ಮಿಬ್ಬರ ಮಾವನ ಮನೆ ಅಜ್ಜಂಪುರದಲ್ಲಿದೆ. ಈ ಮೂರು ಊರುಗಳ ನಡುವೆ ಇಷ್ಟು ವರ್ಷಗಳಲ್ಲಿ ನಾನು ಪಟ್ಟಿರುವ ಹೊಟ್ಟೆಕಿಚ್ಚನ್ನು ಒಟ್ಟು ಮಾಡಿದ್ದರೆ ಒಂದು ಮದುವೆಯ ಅಡಿಗೆ ಆಗಿಹೋಗುತ್ತಿತ್ತು. ಅಂದಹಾಗೆ ನನ್ನ ಹೆಸರು ಸದಾನಂದ. ಹೆಸರಿಟ್ಟವರಿಗೆ ಷಡ್ಡಕನ ವಿಷಯ ಗೊತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಆಪರೇಟಿಂಗ್ ಸಿಸ್ಟಂ ಎಂಬ ಪತ್ರಿಕೆಯನ್ನು ಇಪ್ಪತ್ತೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆದು, ನಟ್ಟ ನಡುವಿನ ವೃತ್ತಕ್ಕೆ ಕೆಂಪು ಸೀಮೆಸುಣ್ಣದಲ್ಲಿ ಬಣ್ಣ ತುಂಬಿ, "ಇದೇ ಕರ್ನಲ್, ಕಂಪ್ಯೂಟರಿನ ತಿರುಳು. ಯಂತ್ರದ ಒಂದೊಂದು ಭಾಗವನ್ನೂ ಎಬ್ಬಿಸಿ ಕೆಲಸ ಮಾಡಿಸುವುದು ಇದೇ" ಎಂದು ಹೇಳುತ್ತೇನೆ. ಈ ಕರ್ನಲ್ಲಿನ ಸೋರ್ಸ್ ಕೋಡ್, ಅಂದರೆ ಅದರ ಮೂಲ ಬರಹ, ಯಾರು ಬೇಕಾದರೂ ಓದಬಹುದಾದ್ದು, ನಮಗೆ ಬೇಕಾದ ಹಾಗೆ ಹೊಂದಿಸಿ ನಾವೇ ಕಟ್ಟಿಕೊಳ್ಳಬಹುದಾದ್ದು ಎಂದೂ ಹೇಳುತ್ತೇನೆ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಂದೇ ಒಂದು ಸಲವೂ ಅದನ್ನು ಕಟ್ಟಿದವನಲ್ಲ. ಕೆಂಪು ಸೀಮೆಸುಣ್ಣ ಮುಗಿದ ದಿನ ಬಿಳಿಯದರಲ್ಲಿ ಬಣ್ಣ ತುಂಬಿದ್ದೇ ನಾನು ಮಾಡಿದ ದೊಡ್ಡ ಬದಲಾವಣೆ. ಹುಡುಗರು ಯಾರಾದರೂ ಕೆದಕಿ ಕೇಳಿದರೆ "ಅದು ಸಿಲಬಸ್ಸಿನಲ್ಲಿಲ್ಲ" ಎಂದು ಬಾಯಿ ಮುಚ್ಚಿಸುತ್ತೇನೆ. ಗೊತ್ತಿಲ್ಲ ಎಂಬ ಮಾತನ್ನು ಮಾತ್ರ ನಾನು ಯಾವತ್ತೂ ಆಡಿಲ್ಲ.

ರುದ್ರೇಶ ಓದಿದ್ದು ಐಟಿಐ. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟ ಪಂಪುಗಳ ನಡುವೆ ಕೂತು ತಾಮ್ರದ ತಂತಿ ಸುತ್ತುವ ಈ ಮನುಷ್ಯನಿಗೆ ತಲೆಯಲ್ಲಿ ಇನ್ನೂ ಪೂರ್ತಿ ಕೂದಲಿದೆ. ನಾವಿಬ್ಬರೂ ಒಟ್ಟಿಗೆ ಮಾವನ ಮನೆಗೆ ಹೋದರೆ ನನಗೆ "ಅಳಿಯಂದ್ರೇ, ಬನ್ನಿ ಬನ್ನಿ" ಎಂಬ ಮರ್ಯಾದೆ, ಅವನಿಗೆ "ಲೇ ರುದ್ರೇಶ, ಬಾರೋ, ಎಷ್ಟು ದಿನ ಆಯ್ತೋ ನಿನ್ನ ನೋಡಿ!" ಮರ್ಯಾದೆಯವನನ್ನು ಹಜಾರದಲ್ಲಿ ಕೂರಿಸುತ್ತಾರೆ, ಸಲುಗೆಯವನು ನೇರ ಅಡಿಗೆಮನೆಗೆ ಹೋಗಿ ಬಾಣಲೆಯಿಂದಲೇ ಬೋಂಡ ತೆಗೆದುಕೊಂಡು ತಿನ್ನುತ್ತಾನೆ. ಬಿಸಿ ಬೋಂಡ ಅವನಿಗೆ, ಆರಿದ ಬೋಂಡ ತಟ್ಟೆಯಲ್ಲಿ ಮರ್ಯಾದೆಯೊಂದಿಗೆ ನನಗೆ. ಇದನ್ನೆಲ್ಲ ನಾನು ಸಹಿಸಿಕೊಂಡೇ ಬಂದಿದ್ದೆ. ಏಕೆಂದರೆ ಆ ಮನೆಯಲ್ಲಿ ಕಂಪ್ಯೂಟರಿನ ವಿಷಯ ಬಂದರೆ ಕೊನೆಯ ಮಾತು ನನ್ನದು. ಅದೊಂದೇ ನನ್ನ ಆಸ್ತಿ.

ಮಾವ ಪಶುವೈದ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸುತ್ತಿನ ಊರುಗಳ ಅಮೃತ್ ಮಹಲ್ ತಳಿಯ ರಾಸುಗಳ ವಂಶಾವಳಿಯನ್ನು, ಯಾವ ಹಸುವಿನ ಮಗಳು ಯಾವುದು, ಯಾವ ಹೋರಿಯ ಮೊಮ್ಮಗ ಯಾವುದು ಎಂಬುದನ್ನೆಲ್ಲ, ಒಂದು ಹಳೆಯ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಾರೆ. ಅದಕ್ಕೆ ಕರಕರ ಎನ್ನುವ ಒಂದು ಹಳೆಯ ಪ್ರಿಂಟರ್. ಆ ಕಂಪ್ಯೂಟರ್ ಎಷ್ಟು ನಿಧಾನವೆಂದರೆ, ಮಾವ ಗುಂಡಿ ಒತ್ತಿ, ಸ್ನಾನ ಮಾಡಿ, ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ನಾನು ನೋಡಿ, ಕನ್ನಡಕ ಸರಿಪಡಿಸಿಕೊಂಡು, "ವಯಸ್ಸಾಯ್ತು ಮಾವ, ಹೊಸದು ತಗೊಳ್ಳಿ" ಎಂದು ತೀರ್ಪು ಕೊಟ್ಟಿದ್ದೆ. "ನನಗೂ ವಯಸ್ಸಾಯ್ತಲ್ಲ ಅಳಿಯಂದ್ರೇ" ಎಂದು ಅವರು ನಕ್ಕಿದ್ದರು.

ಆಮೇಲೆ ಒಂದು ಭಾನುವಾರ ರುದ್ರೇಶ ಹೋಗಿ ಅದೇ ಕಂಪ್ಯೂಟರಿನ ಮುಂದೆ ಕೂತನಂತೆ. ಒಳಗೆ ಏನೇನು ಭಾಗಗಳಿವೆ ಎಂದು ಬಿಚ್ಚಿ ನೋಡಿ, ಚೀಟಿಯಲ್ಲಿ ಬರೆದುಕೊಂಡು, ಕರ್ನಲ್ಲಿನ ಸೋರ್ಸ್ ಕೋಡ್ ಇಳಿಸಿಕೊಂಡು, ಅದು ಕೇಳುವ ಸಾವಿರಾರು ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟನಂತೆ. ಅದೇ ಕಾನ್ಫಿಗರೇಷನ್. ಈ ಭಾಗ ಬೇಕೇ, ಆ ಭಾಗ ಬೇಕೇ ಎಂದು ಅದು ಕೇಳುತ್ತದೆ. ವೈ, ಎಮ್, ಎನ್ ಎಂಬ ಮೂರು ಅಕ್ಷರಗಳಲ್ಲಿ ಒಂದನ್ನು ಒತ್ತಬೇಕು. ಈಗ ಕಂಪ್ಯೂಟರ್ ಕಾಫಿ ಆರುವುದರೊಳಗೆ ಏಳುತ್ತದೆ ಎಂದು ಸುಮ ಹೇಳಿದಾಗ ನಾನು ನಂಬಲಿಲ್ಲ. ಮುಂದಿನ ವಾರ ಅಜ್ಜಂಪುರಕ್ಕೆ ಹೋದರೆ ಅತ್ತೆಯೇ ನನಗೆ ಪಾಠ ಮಾಡಿದರು. "ಭಾಳ ಸುಲಭ ಕಣ್ರೀ. ದಿನಾ ಬೇಕಾಗೋ ಪಾತ್ರೆ ಕೈಗೆ ಸಿಗೋ ಹಂಗೆ ಅಡಿಗೆಮನೇಲಿ, ಅದು ವೈ. ಹಬ್ಬಕ್ಕೆ ಬೇಕಾಗೋದು ಅಟ್ಟದ ಮೇಲೆ, ಬೇಕಾದಾಗ ಇಳಿಸ್ಕಂಡ್ರಾಯ್ತು, ಅದು ಎಮ್. ಬ್ಯಾಡದ್ದು ಗುಜರಿಗೆ, ಅದು ಎನ್. ರುದ್ರೇಶ ಹೇಳ್ಕೊಟ್ಟ."

ಅತ್ತೆ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಇಪ್ಪತ್ತೆರಡು ವರ್ಷ ನಾನು ಮೂರು ವೃತ್ತ ಬರೆದು ಯಾರಿಗೂ ಅರ್ಥ ಮಾಡಿಸಲಾಗದ್ದನ್ನು ಅವನು ಬೋಂಡ ತಿನ್ನುತ್ತಾ ಅರ್ಥ ಮಾಡಿಸಿದ್ದ. ಸೋಮವಾರ ತರಗತಿಯಲ್ಲಿ ಅದೇ ಅಟ್ಟದ ಮಾತನ್ನು ನನ್ನದೇ ಎಂಬಂತೆ ಹೇಳಿದೆ. ಹುಡುಗರು ಮೊದಲ ಸಲ ತಲೆಯಾಡಿಸಿದರು. ಅದರಿಂದ ಕಿಚ್ಚು ಇನ್ನೂ ಹೆಚ್ಚಾಯಿತು.

ಇಷ್ಟಕ್ಕೇ ನಿಂತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಕರ್ನಲ್ ಕಟ್ಟುವವರು ತಮ್ಮ ಗುರುತಿಗೆ ಒಂದು ಹೆಸರು ಸೇರಿಸಿಕೊಳ್ಳಲು ಆ ಕಾನ್ಫಿಗರೇಷನ್ನಿನಲ್ಲಿ ಒಂದು ಜಾಗವಿದೆ. ರುದ್ರೇಶ ಅಲ್ಲಿ ತನ್ನ ಹೆಸರು ತುಂಬಿಸಿದ್ದ. ಹೀಗಾಗಿ ಮಾವ ಪ್ರತಿದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಮೊದಲ ಸಾಲಿನಲ್ಲೇ, ಆವೃತ್ತಿಯ ಅಂಕಿಗಳ ಪಕ್ಕದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ 'ರುದ್ರೇಶ' ಎಂದು ಬರುತ್ತಿತ್ತು. ದೇವರ ಕೋಣೆಯಿಂದ ನೇರ ಬಂದು ಮಾವ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಅದನ್ನು ಕೇಳಿದ ದಿನ ನಾನು ಬೋಂಡವನ್ನೇ ಮುಟ್ಟಲಿಲ್ಲ.

ಮಾವ ಅತ್ತೆ ಸಖರಾಯಪಟ್ಟಣಕ್ಕೆ ಗೃಹಪ್ರವೇಶಕ್ಕೆಂದು ಹೋದ ಒಂದು ಬೆಳಿಗ್ಗೆ, ಮನೆ ನೋಡಿಕೊಳ್ಳಲು ನಾನೂ ಸುಮಳೂ ಅಜ್ಜಂಪುರದಲ್ಲಿದ್ದೆವು. ರುದ್ರೇಶನ ಸೋರ್ಸ್ ಕೋಡ್ ಕಂಪ್ಯೂಟರಿನಲ್ಲೇ ಇತ್ತು. ಅವನದಕ್ಕಿಂತ ಬೇಗ ಏಳುವ ಕರ್ನಲ್ ಕಟ್ಟಿ ನನ್ನ ಹೆಸರು ಹಾಕುವುದೆಂದು ಕೂತೆ. ಮೊದಲು ಮಾಡಿದ ಕೆಲಸ ಹೆಸರು ಬದಲಾಯಿಸಿದ್ದು. ಆಮೇಲೆ ಪ್ರಶ್ನೆಗಳು ಶುರುವಾದವು. ಅದೆಂಥ ಪ್ರಶ್ನೆಗಳು! ಅರ್ಧಕ್ಕರ್ಧ ನನಗೆ ತಲೆಬುಡ ತಿಳಿಯಲಿಲ್ಲ. ಹಲವು ಪ್ರಶ್ನೆಗಳ ಕೆಳಗೆ ಕರ್ನಲ್ ಬರೆದವರೇ ಬುದ್ಧಿಮಾತು ಸೇರಿಸಿದ್ದರು: ಗೊತ್ತಿಲ್ಲದಿದ್ದರೆ ವೈ ಒತ್ತಿ, ಗೊತ್ತಿಲ್ಲದಿದ್ದರೆ ಎನ್ ಒತ್ತಿ ಎಂದು. ಗೊತ್ತಿಲ್ಲದಿದ್ದರೆ ಎಂಬ ಪದ ಕಂಡ ಕೂಡಲೇ ನನಗೆ ರೇಗಿತು. ನನಗೆ ಗೊತ್ತಿಲ್ಲವೆಂದು ಇವರಿಗೆ ಹೇಳಿದವರು ಯಾರು? ನಾನು ಎಷ್ಟೋ ವರ್ಷ ವ್ಯಾಲ್ಯುಯೇಷನ್ ಮಾಡಿದವನು. ಹುಡುಗ ಬರೆದದ್ದು ಸರಿಯೋ ತಪ್ಪೋ ನನಗೇ ತಿಳಿಯದಿದ್ದಾಗ ಅರ್ಧ ಮಾರ್ಕ್ಸ್ ಕೊಟ್ಟು ಹಾಳೆ ತಿರುಗಿಸುವುದು ನನ್ನ ಪದ್ಧತಿ. ಕೈ ಅದೇ ಚಾಳಿಯಲ್ಲಿ ಓಡಿತು. ಬೇಕು ಎಂದರೂ ಅಪಾಯ, ಬೇಡ ಎಂದರೂ ಅಪಾಯ. ಆದ್ದರಿಂದ ಎಲ್ಲದಕ್ಕೂ ಎಮ್, ಎಮ್, ಎಮ್. ರುದ್ರೇಶ ವೈ ಒತ್ತಿದ್ದಕ್ಕೂ ಎಮ್.

ಊಟದ ಹೊತ್ತಿಗೆ ಕರ್ನಲ್ ಸಿದ್ಧವಾಯಿತು. ಹಳೆಯ ಕರ್ನಲ್ಲನ್ನು ಇಟ್ಟುಕೊಂಡಿರಬೇಕು, ಹೊಸದು ಕೈಕೊಟ್ಟರೆ ಅದರಿಂದ ಎಬ್ಬಿಸಬಹುದು ಎಂದು ನಾನೇ ವರ್ಷಾ ವರ್ಷ ಪಾಠ ಹೇಳುತ್ತೇನೆ. ಆದರೆ ಹಳೆಯದರಲ್ಲಿ ಅವನ ಹೆಸರಿತ್ತು. ಅಳಿಸಿಬಿಟ್ಟೆ.

"ಸುಮಾ, ಬಾ ಇಲ್ಲಿ, ನೋಡು" ಎಂದು ಕರೆದು ಗುಂಡಿ ಒತ್ತಿದೆ. ಪರದೆಯ ಮೇಲೆ ನಾಲ್ಕಾರು ಸಾಲು ಸರಸರ ಓಡಿ ನಿಂತುಹೋಯಿತು. 'ಕರ್ನಲ್ ಪ್ಯಾನಿಕ್' ಎಂದು ಬಂತು. ಡಿಸ್ಕ್ ಕಾಣಿಸುತ್ತಿಲ್ಲ, ನನಗೆ ಕೈಕಾಲು ಆಡುತ್ತಿಲ್ಲ ಎಂದು ಅದರ ಅರ್ಥ. ಡಿಸ್ಕನ್ನು ಓದಲು ಬೇಕಾದ ಭಾಗಕ್ಕೂ ನಾನು ಎಮ್ ಕೊಟ್ಟಿದ್ದೆ. ಎಮ್ ಕೊಟ್ಟಿದ್ದೆಲ್ಲ ಇರುವುದು ಡಿಸ್ಕಿನೊಳಗೆ. ಅಟ್ಟಕ್ಕೆ ಹತ್ತುವ ಏಣಿಯನ್ನೇ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದೆ. ಪ್ಯಾನಿಕ್ ಆದವರು ಯಾರು ಎಂದು ಸಂಶಯ ಬಾರದಿರಲೆಂದು ಅದರ ಕೆಳಗೇ ನನ್ನ ಹೆಸರೂ ಸ್ಪಷ್ಟವಾಗಿ ಇತ್ತು.

"ಮೂರು ವರ್ಷದಿಂದ ಟೈಪ್ ಮಾಡಿರೋದು ಅಪ್ಪ. ಹೋಯ್ತಾ ಎಲ್ಲಾ?" ಎಂದಳು ಸುಮ. ಅವಳ ಕಣ್ಣಲ್ಲಿ ನೀರಿತ್ತು.

"ಹೋಗಿಲ್ಲ, ಒಳಗೇ ಇದೆ" ಎಂದೆ.

"ಮತ್ತೆ ಸರಿಮಾಡಿ."

ನಾನು ಪರದೆ ನೋಡಿದೆ, ಕನ್ನಡಕ ಸರಿಪಡಿಸಿಕೊಂಡೆ. ಇದು ಸಿಲಬಸ್ಸಿನಲ್ಲಿಲ್ಲ ಎನ್ನುವ ಹಾಗಿರಲಿಲ್ಲ. "ನನಗೆ ಗೊತ್ತಿಲ್ಲ ಕಣೇ" ಎಂದೆ. ಮದುವೆಯಾದ ಮೇಲೆ ಆ ಮಾತನ್ನು ನನ್ನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಅವಳು ಫೋನ್ ತೆಗೆದುಕೊಂಡು ತರೀಕೆರೆಗೆ ಕರೆ ಮಾಡಿದಳು.

ರುದ್ರೇಶ ಅಂಗಡಿಗೆ ಬಾಗಿಲು ಹಾಕಿ ಬೈಕಿನಲ್ಲಿ ಬಂದ. ಪರದೆ ನೋಡಿದ. ನಗಲಿಲ್ಲ. ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು, ಜೀವಮಾನವಿಡೀ ದ್ವೇಷಿಸಬಹುದಿತ್ತು. "ಇದು ಯಾರಿಗಾದ್ರೂ ಆಗ್ತದೆ ಬಿಡಣ್ಣ. ನಂಗೂ ಮೊದಲ್ನೇ ಸಲ ಹಿಂಗೇ ಆಗಿತ್ತು" ಎಂದು ಜೇಬಿನಿಂದ ಪೆನ್ ಡ್ರೈವ್ ತೆಗೆದು, ಅದರಿಂದ ಕಂಪ್ಯೂಟರನ್ನು ಎಬ್ಬಿಸಿ, ಏಣಿಯನ್ನು ಕೆಳಗಿಳಿಸಿ, ಮತ್ತೆ ಕರ್ನಲ್ ಕಟ್ಟಲು ಬಿಟ್ಟು, ಸುಮ ಕೊಟ್ಟ ಕಾಫಿ ಕುಡಿದ. ಸಂಜೆ ಮಾವ ಬಂದು "ಏನ್ಲಾ ರುದ್ರೇಶ, ಇದ್ದಕ್ಕಿದ್ದಂಗೆ ಬಂದ್ಬಿಟ್ಟಿದೀಯ?" ಎಂದಾಗ, "ಏನಿಲ್ಲ ಮಾವ, ಒಂದು ಕೇಬಲ್ ಸಡಿಲ ಆಗಿತ್ತು. ಅಣ್ಣ ಕಂಡ್ಹಿಡಿದ್ರು, ನಾನು ಬಿಗಿ ಮಾಡ್ದೆ" ಎಂದ. ಅವನ ಕೈಕೆಲಸಕ್ಕೆ ಕಿಚ್ಚು ಪಡುತ್ತಿದ್ದ ನಾನು ಅಂದಿನಿಂದ ಅವನ ದೊಡ್ಡ ಮನಸ್ಸಿಗೂ ಪಡಬೇಕಾಗಿ ಬಂತು.

ಮಾರನೆಯ ಬೆಳಿಗ್ಗೆ ಮಾವ ಪೂಜೆ ಮುಗಿಸಿ ಗುಂಡಿ ಒತ್ತಿದರು. ನಾನು ಹಜಾರದಲ್ಲಿ ಪೇಪರಿನ ಹಿಂದೆ ಅಡಗಿ ಕೂತಿದ್ದೆ. ಮೊದಲ ಸಾಲು ಬಂತು. ರುದ್ರೇಶ ಎಲ್ಲವನ್ನೂ ತಿದ್ದಿದ್ದ, ಹೆಸರೊಂದನ್ನು ಮಾತ್ರ ತಿದ್ದಿರಲಿಲ್ಲ. "ಸ-ದಾ-ನಂ-ದ" ಎಂದು ಮಾವ ಗಟ್ಟಿಯಾಗಿ ಓದಿದರು. ನನ್ನ ಎದೆ ಉಬ್ಬಿತು. "ನೋಡಿದ್ರಾ ಅಳಿಯಂದ್ರೇ" ಎಂದು ಅವರು ಸಂತೋಷದಿಂದ ಕೂಗಿದರು, "ನಿಮ್ಮ ಹೆಸರು ಹಾಕವ್ನೆ ನಮ್ಮ ರುದ್ರೇಶ. ಎಂಥಾ ಹುಡುಗ ಅಂತೀನಿ!"

ಈಗಲೂ ಆ ಮನೆಯಲ್ಲಿ ದಿನಾ ಬೆಳಿಗ್ಗೆ ನನ್ನ ಹೆಸರು ಬರುತ್ತದೆ. ನನಗೆ ರುದ್ರೇಶನ ಮೇಲಿದ್ದ ಹೊಟ್ಟೆಕಿಚ್ಚು ಸ್ವಲ್ಪ ಕಡಿಮೆಯಾಗಿದೆ. ಉಳಿದದ್ದೆಲ್ಲ ಆ ಪರದೆಯ ಮೇಲಿನ ಸದಾನಂದನ ಕಡೆಗೆ ತಿರುಗಿದೆ. ಅವನಿಗೆ ಕರ್ನಲ್ ಕಟ್ಟಲು ಬರುತ್ತದೆ.