ಎರಡು ಡಿಸ್ಕು, ಒಂದು ಹ್ಯಾಂಡ್‌ಬ್ರೇಕು

ರಾಚಯ್ಯನವರು ಬಡಾಯಿಕೋರರು. ಇದು ಅವರ ಶತ್ರುಗಳ ಮಾತಲ್ಲ (ಅವರಿಗೆ ಶತ್ರುಗಳಿಲ್ಲ, ಕೇಳಿ ಸುಸ್ತಾದವರು ಮಾತ್ರ ಇದ್ದಾರೆ); ಸಾಕಷ್ಟು ಸಾಕ್ಷ್ಯಾಧಾರಗಳನ್ನು ಪರಿಶೀಲಿಸಿದ ಮೇಲೆ ಹೆಂಡತಿ ಸುವರ್ಣಮ್ಮನವರು ಕೊಟ್ಟ ತೀರ್ಪು. ಡೆಟ್ರಾಯಿಟಿನ ಕಾರ್ಖಾನೆಯೊಂದರಲ್ಲಿ ಕಾರಿನ ಬ್ರೇಕುಗಳ ಇಂಜಿನಿಯರಾಗಿದ್ದು ನಿವೃತ್ತರಾದ ಈ ಮನುಷ್ಯ, ಅಮೆರಿಕದಲ್ಲಿ ಎಲ್ಲಿಯಾದರೂ ಕೆಂಪು ದೀಪಕ್ಕೆ ಒಂದು ಕಾರು ನಿಂತರೆ ಅದು ತಮ್ಮ ದಯೆ ಎಂಬಂತೆ ಮಾತಾಡುತ್ತಿದ್ದರು. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನ ತಮ್ಮ ಮನೆಯ ಮುಂದಿನ ಹಿಮ ಎತ್ತಿಹಾಕಿದರೆ, ಅದರ ವರದಿ ಇಂಡಿಯನ್ ಅಂಗಡಿಯಲ್ಲಿ ಬೇಳೆ ಆರಿಸುವವರ ಕಿವಿಗೂ ಬೀಳುತ್ತಿತ್ತು.

ಸುವರ್ಣಮ್ಮನವರು ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಿಶಿಗನ್ನಿನ ಕಾಡುಹೂಗಳ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಸಿದ್ಧಪಡಿಸುತ್ತಿದ್ದರು. ನಾಲ್ಕು ವಸಂತಗಳಲ್ಲಿ ಕೆಸರಿಗೆ ಮಂಡಿಯೂರಿ ತೆಗೆದ ಫೋಟೋಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿದ್ದವು. ಹಿಮ ಕರಗಿದ ಮೇಲೆ, ಮರಗಳು ಎಲೆ ಬಿಡುವ ಮೊದಲು, ಅರಳಿ ಉದುರಿಹೋಗುವ ಹೂಗಳು ಅವು. ಇನ್ನೊಮ್ಮೆ ಬೇಕೆಂದರೆ ವರ್ಷ ಕಾಯಬೇಕು. ಮುಂದಿನ ವರ್ಷವೂ ಮಂಡಿ ಹೀಗೇ ಮಡಚೀತೆಂಬ ಭರವಸೆ ಅವರಿಗಿರಲಿಲ್ಲ. ಕ್ಯಾಂಟನ್ನಿನಲ್ಲೇ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ ಧಾರವಾಡದ ಮೆಹಬೂಬ್ ಜೂನ್ ತಿಂಗಳಲ್ಲಿ ಅಚ್ಚು ಹಾಕಿಕೊಡಲು ಒಪ್ಪಿದ್ದರು.

2004ರ ಚಳಿಗಾಲದಲ್ಲಿ ರಾಚಯ್ಯನವರಿಗೆ ಹೆಂಡತಿಯ ಹೂಗಳನ್ನು ರಕ್ಷಿಸಬೇಕೆಂಬ ಮಹಾಸಂಕಲ್ಪ ಮೂಡಿತು. ಕಂಪ್ಯೂಟರಿಗೆ ಒಂದೇ ಅಳತೆಯ ಎರಡು ಹೊಸ ಹಾರ್ಡ್ ಡಿಸ್ಕುಗಳು ಬಂದವು. ಊಟದ ಮೇಜಿನ ಮೇಲೆ ಕಂಪ್ಯೂಟರಿನ ಹೊಟ್ಟೆ ಬಗೆದು ಹರಡಲಾಯಿತು. ಸುವರ್ಣಮ್ಮನವರು ಸ್ಕ್ರೂಗಳ ನಡುವೆ ಜಾಗ ಮಾಡಿ ಉಪ್ಪಿಟ್ಟು ಬಡಿಸಿದರು. ಮೊದಲ ಸಲ ಜೋಡಿಸಿದಾಗ ಯಂತ್ರ ಕೊಯ್ಯೋ ಎಂದು ಕೂಗಿ ಸುಮ್ಮನಾಯಿತು. ಎರಡನೆಯ ಸಲ ಕೂಗಲೂ ಇಲ್ಲ. ಆದರೂ ಕೊನೆಗೆ ಕೆಲಸ ಕೈಗೂಡಿತು, ಉಪನ್ಯಾಸ ಶುರುವಾಯಿತು.

"ನೋಡು ಸುವರ್ಣ, ಕಾರಿನ ಬ್ರೇಕಿಗೆ ಎರಡು ಸರ್ಕ್ಯೂಟ್ ಇರುತ್ತೆ. ಒಂದು ಲೀಕ್ ಆದ್ರೂ ಇನ್ನೊಂದು ಕಾರು ನಿಲ್ಸುತ್ತೆ. ಇದೂ ಅಷ್ಟೇ. ಇದಕ್ಕೆ ರೇಡ್ ಅಂತಾರೆ. ಏನು ಹಾಕಿದ್ರೂ ಎರಡು ಡಿಸ್ಕಲ್ಲೂ ಬರೆದಿಡುತ್ತೆ. ನಿನ್ನ ಹೂವಿಗೆ ಇನ್ನು ಸಾವಿಲ್ಲ."

ಈ ಉಪನ್ಯಾಸ ಆಮೇಲೆ ಕ್ಯಾಂಟನ್ನಿನ ಕನ್ನಡದ ಮನೆಗಳಲ್ಲೆಲ್ಲ ನಡೆಯಿತು. ಕಂಪ್ಯೂಟರ್ ಕೆಲಸಕ್ಕೆಂದೇ ಈ ದೇಶಕ್ಕೆ ಬಂದ ಹುಡುಗರು ಕೂಡ "ಹೌದಾ ಅಂಕಲ್" ಎಂದು ತಲೆಯಾಡಿಸಿದರು, ಬೇರೆ ದಾರಿಯಿರಲಿಲ್ಲ.

ಮೇ ತಿಂಗಳಲ್ಲಿ ಪುಸ್ತಕದ ಪುಟಗಳನ್ನು ಜೋಡಿಸಲು ಕೂತ ಸುವರ್ಣಮ್ಮನವರಿಗೆ ಕಂಪ್ಯೂಟರ್ ತೆವಳುತ್ತಿದೆ ಅನ್ನಿಸಿತು. ವಿಜ್ಞಾನ ಓದಿದವರು, ಕಾರಣ ಹುಡುಕಿದರು. ಎಲ್ಲವೂ ಎರಡೆರಡು ಇದೆಯೆಂದ ಮೇಲೆ ಹೊರೆಯೂ ಎರಡರಷ್ಟಲ್ಲವೇ? ಮನೆಯಲ್ಲಿ ಎರಡು ಇಡ್ಲಿ ಪಾತ್ರೆಯಿದ್ದರೆ ಒಂದು ಅಟ್ಟಕ್ಕೆ ಹೋಗುತ್ತದೆ. ಇಲ್ಲಿಯದನ್ನು ತೆಗೆದುಹಾಕಿದರಾಯಿತು, ಬೇಕಾದಾಗ ಆ ಇನ್ನೊಂದು ಡಿಸ್ಕಿನಿಂದ ಇಳಿಸಿಕೊಂಡರಾಯಿತು.

ಫೋಟೋಗಳನ್ನೆಲ್ಲ ಒಟ್ಟಿಗೆ ಹಿಡಿದು ಅಳಿಸಿದರು. ಖಚಿತವೇ ಎಂದು ಯಂತ್ರ ಕೇಳಿತು. ಸುವರ್ಣಮ್ಮನವರು ಹುಟ್ಟಿದಾಗಿನಿಂದ ಖಚಿತವಾಗಿಯೇ ಇದ್ದವರು. ಕಸ ತುಂಬಿದ ಬುಟ್ಟಿ ಮನೆಯಲ್ಲಿರುವುದು ಅವರಿಗೆ ಸಹಿಸದು, ಕಂಪ್ಯೂಟರಿನದನ್ನೂ ಖಾಲಿ ಮಾಡಿದರು. ಗುಡಿಸಿದ ಮೇಲೆ ಒರೆಸಬೇಕಲ್ಲ, ಡಿಸ್ಕನ್ನು ಓರಣ ಮಾಡುವ ಪ್ರೋಗ್ರಾಮನ್ನೂ ಓಡಿಸಿದರು. ಅಳಿಸಿದ ಜಾಗ ಹೊಸ ನೆಲದಂತೆ ಚೊಕ್ಕಟವಾಯಿತು.

"ರೀ," ಎಂದು ಅಡುಗೆಮನೆಯಲ್ಲಿದ್ದ ಗಂಡನನ್ನು ಕರೆದರು. "ಆ ಇನ್ನೊಂದು ಡಿಸ್ಕ್ ತೆಗೆದು ತೋರಿಸಿ. ಮೊದಲ ಅಧ್ಯಾಯದ ಫೋಟೋ ಬೇಕು."

"ಯಾವ ಇನ್ನೊಂದು?"

"ಎಲ್ಲಾ ಎರಡು ಕಡೆ ಇದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರಲ್ಲ, ಅದು. ಇಲ್ಲಿದ್ದದ್ದನ್ನ ನಾನು ಅಳಿಸಿದೀನಿ."

ರಾಚಯ್ಯನವರು ಬಂದು ಪರದೆ ನೋಡಿ, ಮೆಲ್ಲಗೆ ಕುರ್ಚಿಯಲ್ಲಿ ಕೂತರು. "ಸುವರ್ಣ, ಅದು ಕನ್ನಡಿ ಕಣೇ. ಇಲ್ಲಿ ನೀನು ಮುಡಿದ ಹೂವು ತೆಗೆದುಬಿಟ್ರೆ, ಕನ್ನಡಿಯೊಳಗಿರೋಳು ಮುಡ್ಕೊಂಡೇ ಇರ್ತಾಳಾ?"

ಸುವರ್ಣಮ್ಮನವರು ಎದ್ದು ಹೋಗಿ ಮೆಹಬೂಬರಿಗೆ ಫೋನ್ ಮಾಡಿ, ಫೋಟೋಗಳು ಹೋದವು, ಪುಸ್ತಕ ನಿಲ್ಲಿಸಿ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಮಾತಾಡುವಾಗ ದನಿ ನಡುಗಿದ್ದು ಫೋನಿನ ದೋಷವೆಂದು ತಮಗೆ ತಾವೇ ಹೇಳಿಕೊಂಡರು.

ಹಿಂದಿನಿಂದ ಯಾರೋ ಕೆಮ್ಮಿದರು. ರಾಚಯ್ಯನವರು ತಪ್ಪು ಮಾಡಿದ ವಿದ್ಯಾರ್ಥಿಯಂತೆ ಬಾಗಿಲಲ್ಲಿ ನಿಂತಿದ್ದರು.

"ಎರಡು ಸರ್ಕ್ಯೂಟ್ ಇದ್ರೂ, ಕಾರಿಗೆ ಹ್ಯಾಂಡ್‌ಬ್ರೇಕ್ ಅಂತ ಬೇರೆ ಒಂದು ಇಟ್ಟೇ ಇರ್ತೀವಿ. ನಿನ್ನ ಫೋಟೋನೆಲ್ಲ ಆಗಾಗ ಸೀಡಿಗೆ ಹಾಕಿ, ವಿಜಯ್ ಮನೇಲಿ ಇಟ್ಟು ಬಂದಿದೀನಿ. ಹೋದ ವಾರ ಅವನ ಮಗಳ ಬರ್ತ್‌ಡೇಗೆ ಹೋದಾಗಲೂ ಇಟ್ಟೆ."

ವಿಜಯ್ ಕುಮಾರ್ ರಾಚಯ್ಯನವರ ಅಕ್ಕನ ಮಗ. ಶಿಕಾಗೊ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿದ್ದ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಸುವರ್ಣಮ್ಮನವರು ಕೇಳಿದರು.

"ರೇಡ್ ರೇಡ್ ಅಂತ ಡಂಗುರ ಹೊಡೆದ ಮೇಲೆ, ನಂಬಿಕೆ ಸಾಲದೆ ಸೀಡಿ ಮಾಡ್ತಾ ಕೂತಿದೀನಿ ಅಂದ್ರೆ ನೀನು ನನ್ನ ಸುಮ್ನೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದು ಸುವರ್ಣಮ್ಮನವರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಶಿಕಾಗೊ ಹಾದಿ ಹಿಡಿದರು. ಸರಿಯಾದ ಕೆಲಸ ಮಾಡಿದ ಗಂಡನ ಪಕ್ಕದಲ್ಲಿ ಮಿಶಿಗನ್ನನ್ನು ಅಡ್ಡಲಾಗಿ ದಾಟುವುದು ಎಷ್ಟು ಉದ್ದದ ಪ್ರಯಾಣವೆಂದು ಸುವರ್ಣಮ್ಮನವರಿಗೆ ಅಂದು ತಿಳಿಯಿತು. ಬೈಯಲು ಏನೂ ಸಿಗಲಿಲ್ಲ. ಇಂಡಿಕೇಟರನ್ನೂ ಆತ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದರು. ಉಪಕಾರ ಸ್ಮರಿಸಬೇಕು ನಿಜ, ಆದರೆ ಯಾವ ಪದದಲ್ಲಿ? ಧನ್ಯವಾದ ಎನ್ನುವುದು ಸಭೆಯ ಕೊನೆಯಲ್ಲಿ ಅಧ್ಯಕ್ಷರಿಗೆ. ಥ್ಯಾಂಕ್ಸ್ ಎನ್ನುವುದು ಅಂಗಡಿಯಲ್ಲಿ ಚಿಲ್ಲರೆ ಕೊಟ್ಟವರಿಗೆ. ಗಂಡನಿಗೆಂದು ಕನ್ನಡದಲ್ಲಿ ಯಾರೂ ಒಂದು ಪದ ಮಾಡಿಡಲಿಲ್ಲ, ಬೇಕಾಗುವುದಿಲ್ಲ ಎಂದುಕೊಂಡಿರಬೇಕು. ಅರ್ಧ ದಾರಿಯಲ್ಲಿ ಕಲಮಜೂ ಊರು ದಾಟಿದ ಮೇಲೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಡಾಕ್ಟರು ಬೇಡವೆಂದಿದ್ದ ಸಕ್ಕರೆಯನ್ನು ಒಂದು ಚಮಚ ಹಾಕಿ ಕೊಟ್ಟರು. ರಾಚಯ್ಯನವರು ಒಂದು ಗುಟುಕು ಕುಡಿದು, ಹೆಂಡತಿಯ ಮುಖ ನೋಡಿ, ಪೂರ್ತಿ ಕುಡಿದರು.

ವಿಜಯ್ ಅಕ್ಕಿ ಮೂಟೆಯ ಹಿಂದಿನಿಂದ ಚಕ್ಕುಲಿ ಡಬ್ಬವೊಂದನ್ನು ಎಳೆದು ತಂದ. "ಮಾವ, ಇವು ಭಜನೆ ಸೀಡಿ ಅಂದಿದ್ರಿ. ಒಂದು ಹಾಕಿ ನೋಡ್ದೆ, ಬರೀ ಹೂವು."

ಎಲ್ಲವೂ ಇದ್ದವು. ಈ ವಸಂತದ ಕೊನೆಯ ಹೂವಿನವರೆಗೆ, ಒಂದೂ ತಪ್ಪದೆ.

ಮುಂದಿನ ಭಾನುವಾರ ಮೆಹಬೂಬ್ ಮತ್ತು ಅವರ ಹೆಂಡತಿ ವಹೀದಾ ಮನೆಯಲ್ಲಿ ಊಟ. ಕ್ಯಾಂಟನ್ನಿನ ಅರ್ಧ ಕನ್ನಡ ಅಲ್ಲಿ ಸೇರಿತ್ತು. ಸುವರ್ಣಮ್ಮನವರು ಯುದ್ಧಕ್ಕೆ ಹೋಗುವವರಂತೆ ಸೀರೆ ಉಟ್ಟರು. ಗಂಡನ ಜೀವಮಾನದ ಅತ್ಯುತ್ತಮ ಬಡಾಯಿ ಅಂದು ಹೊರಬೀಳುವುದು ಖಂಡಿತ: ಹೆಂಡತಿಯ ಪುಸ್ತಕವನ್ನು ಹೆಂಡತಿಯಿಂದಲೇ ಕಾಪಾಡಿದ ಕಥೆ. ಶಿಕಾಗೊ ದಾರಿಯಲ್ಲಿ ತಾವೇ ಬಾಯಿಬಿಟ್ಟಿದ್ದ ಇಡ್ಲಿ ಪಾತ್ರೆಯ ತರ್ಕವೂ ಅದರಲ್ಲಿ ಬರುತ್ತದೆ. ಡಾಕ್ಟರೇಟಿನ ಗತಿ ಏನಾದೀತು? ಒಂದು ಪ್ರತಿವಾದವನ್ನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡರು. ಅದು ದುರ್ಬಲವಾಗಿತ್ತು.

ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದ್ದಾಗ ಮೆಹಬೂಬ್ ಎಲ್ಲರೆದುರಿಗೆ ಕೇಳಿಯೇಬಿಟ್ಟರು: "ಏನಾಗಿತ್ರೀ ಆ ಫೋಟೋ ಕಥಿ? ಮೇಡಂ ಫೋನಿನ್ಯಾಗ ಭಾಳ ಗಾಬರಿ ಆಗಿದ್ರು."

ಸುವರ್ಣಮ್ಮನವರು ಮುರಿದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು. ರಾಚಯ್ಯನವರು ಗಂಟಲು ಸರಿಮಾಡಿಕೊಂಡರು. ಹುಡುಗರು, ಅಭ್ಯಾಸ ಬಲದಿಂದ, ತಲೆಯಾಡಿಸಲು ಅಣಿಯಾದರು.

"ಡಿಸ್ಕ್ ಜೋಡಿಸೋದ್ರಲ್ಲಿ ನಾನೇ ಎಡವಿದ್ದೆ," ಎಂದರು ರಾಚಯ್ಯನವರು. "ಈಗ ಸರಿ ಹೋಗಿದೆ. ಪುಸ್ತಕ ಜೂನ್‌ಗೇ ಬರ್ಲಿ."

ವಹೀದಾ ನಕ್ಕರು. "ಅಂದ್ರ ನಿಮ್ಮ ಬ್ರೇಕು ಫೇಲಾತೇನ್ರಿ ಅಣ್ಣಾರ?"

ಮೇಜಿನ ಸುತ್ತ ನಗು ಎದ್ದಿತು. ಇಷ್ಟು ವರ್ಷ ಕೇಳಿಸಿಕೊಂಡದ್ದರ ಬಡ್ಡಿಯೆಲ್ಲ ಆ ನಗುವಿನಲ್ಲಿತ್ತು.

"ಹೂಂ ತಂಗಿ, ಫೇಲಾಯ್ತು," ಎಂದು ರಾಚಯ್ಯನವರು ಎಣ್ಣೆಗಾಯಿಯ ಬಟ್ಟಲನ್ನು ಹೆಂಡತಿಯ ಕಡೆಗೆ ಸರಿಸಿದರು.