ನನ್ನ ಹೆಸರಿನ ಮೊಸರು

ವಿದೇಶಕ್ಕೆ ಹೊರಟವರಿಗೆ ಸಲಹೆ ಕೊಡಲು ನಮ್ಮ ಯಡಿಯೂರಿನಲ್ಲಿ ಜನಕ್ಕೆ ಕೊರತೆಯಿಲ್ಲ. ಬೆಳಿಗ್ಗೆ ಕೆರೆಯ ಸುತ್ತ ವಾಕಿಂಗ್ ಮಾಡುವವರಲ್ಲಿ ಅರ್ಧ ಜನಕ್ಕೆ ಅಲ್ಲಿಯ ಚಳಿ ಗೊತ್ತು, ಉಳಿದರ್ಧ ಜನಕ್ಕೆ ಚಟ್ನಿಪುಡಿಯನ್ನು ಹೇಗೆ ಕಟ್ಟಿದರೆ ಸೂಟ್‌ಕೇಸಿನಲ್ಲಿ ಚೆಲ್ಲುವುದಿಲ್ಲ ಎನ್ನುವುದು ಗೊತ್ತು. ಆದರೆ ಹೋದವರು ವಾಪಸ್ ಬರುವುದು ಹೇಗೆ ಎಂದು ಹೇಳಿಕೊಡುವವರು ನನಗೆ ಒಬ್ಬರೂ ಸಿಗಲಿಲ್ಲ. ಬರುವುದೇನು ಮಹಾ, ವಿಮಾನ ಹತ್ತಿ ಕೂತರೆ ಅದೇ ತಂದು ಇಳಿಸುತ್ತದೆ ಎಂದು ನಾನೂ ತಿಳಿದಿದ್ದೆ. ಇಳಿಸಿದ್ದೂ ನಿಜ. ಆದರೆ ನಾನು ಮನೆಗೆ ಬಂದು ಮುಟ್ಟಿದೆನೋ ಇಲ್ಲವೋ ಎನ್ನುವುದು ಒಂದು ವಾರ ನನಗೇ ಗೊತ್ತಾಗಲಿಲ್ಲ.

ನಾನು ಬನಶಂಕರಿಯ ಶಾಲೆಯೊಂದರಲ್ಲಿ ಜೀವಶಾಸ್ತ್ರದ ಟೀಚರು. ವಯಸ್ಸು ಹೇಳುವುದಿಲ್ಲ, ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಬೇಕಾಗುವ ವಯಸ್ಸು ಎಂದಿಟ್ಟುಕೊಳ್ಳಿ. ಈ ವಯಸ್ಸಿನಲ್ಲಿ ಯಾರೋ ಪುಣ್ಯಾತ್ಮರು ಸ್ಕಾಲರ್‌ಶಿಪ್ ಕೊಟ್ಟು, ಸ್ಕಾಟ್ಲೆಂಡಿನ ಒಂದು ಊರಿನಲ್ಲಿ ವರ್ಷ ಪೂರ್ತಿ ಶಿಕ್ಷಣಶಾಸ್ತ್ರ ಓದು ಎಂದರು. ಮನೆಯಲ್ಲಿ ಉಳಿದವರು ನನ್ನ ಗಂಡ ಶ್ರೀಧರ ಮತ್ತು ನಮ್ಮ ಅತ್ತೆ. ಶ್ರೀಧರನ ಪಾಕಜ್ಞಾನ ಹಾಲು ಉಕ್ಕಿದ ಮೇಲೆ ಬಂದು "ಹಾಲು ಉಕ್ತು" ಎಂದು ವರದಿ ಮಾಡುವಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಅಡುಗೆಯಲ್ಲಿ ನಿಪುಣೆ, ಬೈಯುವುದರಲ್ಲಿ ಇನ್ನೂ ನಿಪುಣೆ. ಮದುವೆಯಾದಂದಿನಿಂದ ಅವರ ಬೈಗುಳ ನನಗೆ ಬೆಳಗಿನ ಕಾಫಿಯ ಜೊತೆಗೇ ಸಿಗುತ್ತಿತ್ತು. ಸಾರಿಗೆ ಹುಳಿ ಜಾಸ್ತಿಯಾದರೆ ಒಂದು ರಾಗ, ಕಡಿಮೆಯಾದರೆ ಇನ್ನೊಂದು. ಸರಿಯಾಗಿದ್ದ ದಿನ ಸುಮ್ಮನಿರುತ್ತಿದ್ದರು. ಆ ದಿನ ನನಗೇನೋ ಮೈಯಲ್ಲಿ ಸರಿಯಿಲ್ಲದ ಹಾಗೆ ಆಗುತ್ತಿತ್ತು.

ಸ್ಕಾಟ್ಲೆಂಡಿನಲ್ಲಿ ನಾನಿದ್ದದ್ದು ಹಾಸ್ಟೆಲಿನಲ್ಲಿ, ನನ್ನ ಹಳೆಯ ಶಿಷ್ಯರ ವಯಸ್ಸಿನ ಹುಡುಗ ಹುಡುಗಿಯರ ಜೊತೆ. ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಒಂದೇ ಫ್ರಿಜ್, ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಶೆಲ್ಫ್. ಹಾಲಿನ ಮೇಲೆ ಹೆಸರು, ಬೆಣ್ಣೆಯ ಮೇಲೆ ಹೆಸರು, ಅರ್ಧ ಕತ್ತರಿಸಿದ ಈರುಳ್ಳಿಯ ಮೇಲೂ ಹೆಸರು. ಯಾರದೋ ಚೀಸ್ ಇನ್ಯಾರೋ ತಿಂದರೆಂದು ಒಮ್ಮೆ ಎಲ್ಲರನ್ನೂ ಕೂರಿಸಿ ಮೀಟಿಂಗ್ ಮಾಡಿದ್ದರು. ನಾನು ತಿಂದಿರಲಿಲ್ಲ, ಆದರೂ ಬೆವರಿದೆ. ಆಮೇಲೆ ಬಹಳ ಶಿಸ್ತಿನವಳಾದೆ. ಏನನ್ನು ಮುಟ್ಟುವ ಮೊದಲೂ ಕೇಳುವುದು, ಕೊಟ್ಟವರಿಗೆ ಥ್ಯಾಂಕ್ಸ್ ಹೇಳುವುದು, ತಂದದ್ದನ್ನು ತಿಂದು ಮುಗಿಸಿ ತಕ್ಷಣ ಪಾತ್ರೆ ತೊಳೆದು ಬೋರಲು ಹಾಕುವುದು. ವರ್ಷದ ಕೊನೆಗೆ ಶಿಕ್ಷಣಶಾಸ್ತ್ರ ಎಷ್ಟು ತಲೆಗೆ ಹತ್ತಿತೋ ಕಾಣೆ, ಇವಿಷ್ಟು ಮಾತ್ರ ರಕ್ತಗತವಾಗಿದ್ದವು.

ವಾಪಸ್ ಬಂದ ಎರಡು ಮೂರು ದಿನದಲ್ಲೇ ಮನೆಯಲ್ಲಿ ಏನೋ ಎಡವಟ್ಟಾಗಿದೆ ಅನ್ನಿಸಿತು. ಬೆಳಿಗ್ಗೆ ಕಾಫಿ ಬೆಳ್ಳಿ ಲೋಟದಲ್ಲಿ ಬಂತು. ಆ ಲೋಟ ಬೀರುವಿನಿಂದ ಹೊರಬರುವುದು ಬೀಗರು ಬಂದಾಗ ಮಾತ್ರ. ಊಟಕ್ಕೆ ಕೂತರೆ ನನಗೆ ಮೊದಲು ಬಡಿಸಿದರು. ಬಡಿಸಿದವನು ಶ್ರೀಧರ, ಹೆಗಲ ಮೇಲೆ ಟವೆಲ್ ಹಾಕಿಕೊಂಡು. ಸಾರೂ ಅವನದೇ, ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ಅತ್ತೆ ಪಕ್ಕದಲ್ಲಿ ನಿಂತು, "ಅವರಿಗೆ ಇನ್ನೊಂದ್ ಚೂರು ತುಪ್ಪ ಹಾಕೋ. ಸಂಕೋಚ ಮಾಡ್ಕೋಬೇಡಮ್ಮ, ನಿಧಾನಕ್ಕೆ ಊಟ ಮಾಡು" ಎಂದರು. ಇಷ್ಟು ವರ್ಷ 'ಅವಳಿಗೆ' ಆಗಿದ್ದವಳು 'ಅವರಿಗೆ' ಆಗಿದ್ದೆ. ಬೈಗುಳವೆಲ್ಲ ಶ್ರೀಧರನ ಹೆಸರಿಗೆ ವರ್ಗವಾಗಿತ್ತು. ಹಪ್ಪಳ ಕಪ್ಪಾಯಿತೆಂದು ಅವನಿಗೆ ಸಿಕ್ಕಿದ್ದು ನನಗೆ ಸಿಗಬೇಕಾಗಿದ್ದ ಬೈಗುಳ.

ನಿಜ ಹೇಳುತ್ತೇನೆ, ಯಾರಾದರೂ ನನ್ನನ್ನು ಕೂರಿಸಿ ಬಡಿಸಲಿ ಎಂದು ನಾನು ಅದೆಷ್ಟೋ ವರ್ಷ ಆಸೆಪಟ್ಟಿದ್ದೆ. ಈಗ ಕೂರಿಸಿ ಬಡಿಸುತ್ತಿದ್ದರೆ ಎದ್ದು ಓಡಿಹೋಗೋಣ ಅನ್ನಿಸುತ್ತಿತ್ತು. ಇದು ಮರ್ಯಾದೆಯೋ ಸಿಟ್ಟೋ, ಪ್ರೀತಿಯೋ ಪರಕೀಯತೆಯೋ ತಿಳಿಯದು. ಅಡುಗೆಮನೆಗೆ ಹೋದರೆ ಡಬ್ಬಗಳೆಲ್ಲ ಜಾಗ ಬದಲಾಯಿಸಿಕೊಂಡಿದ್ದವು. ಸಾಸಿವೆ ಎಂದು ತೆಗೆದರೆ ಮೆಂತ್ಯ. "ನೀನ್ಯಾಕಮ್ಮ ಎದ್ದೆ? ಕೂತ್ಕೋ ಹೋಗು" ಎಂದು ಅತ್ತೆ ಬಾಗಿಲಲ್ಲೇ ತಡೆಯುವರು. ನಾನೋ ರೂಢಿಬಲದಿಂದ "ಥ್ಯಾಂಕ್ಸ್ ಅತ್ತೆ" ಎನ್ನುವೆ. ಅವರ ಮುಖ ಇನ್ನಷ್ಟು ಬಿಗಿಯಾಗುವುದು. ಅಲ್ಲಿ ವರ್ಷವಿಡೀ ಹೊರಗಿನವಳಾಗಿದ್ದೆ, ಅದಕ್ಕೆ ನನ್ನ ತಕರಾರಿರಲಿಲ್ಲ. ಇಲ್ಲೂ ಹೊರಗಿನವಳಾದರೆ ಮತ್ತೆ ಒಳಗಿನವಳಾಗುವುದು ಎಲ್ಲಿ? ಇದು ಸಾಲದೆಂದು ಶಾಲೆಯವರು ಬೇರೆ "ಏನೇನ್ ಕಲಿತ್ರಿ ಅಂತ ಸ್ಟಾಫ್‌ಗೆ ಒಂದ್ ಹತ್ತು ನಿಮಿಷ ಹೇಳಿ ಮೇಡಂ" ಎಂದು ಗಂಟುಬಿದ್ದಿದ್ದರು. ನಾನು ಗಂಟಲು ನೋವೆಂದು ತಪ್ಪಿಸಿಕೊಂಡೆ.

ಕೊನೆಗೆ ಒಂದು ದಿನ ಸೊಪ್ಪು ತರುವ ನೆಪದಲ್ಲಿ ಶ್ರೀಧರನನ್ನು ಬೀದಿಯ ತುದಿಗೆ ಕರೆದುಕೊಂಡು ಹೋಗಿ, "ಏನ್ರೀ ಇದೆಲ್ಲ? ಅತ್ತೆ ಯಾಕೆ ನನ್ನ ನೆಂಟರ ಥರ ನೋಡ್ತಿದಾರೆ?" ಎಂದು ಕೇಳಿದೆ.

ಅವನು ದಂಟಿನ ಸೊಪ್ಪಿನ ಕಟ್ಟನ್ನು ತಿರುಗಿಸಿ ನೋಡುತ್ತ, "ನೀನು ಮೊಸರಿಗೆ ಚೀಟಿ ಅಂಟಿಸಿದ್ಯಲ್ಲ ಸುಮಾ" ಎಂದ.

ಆಗ ನೆನಪಾಯಿತು. ಬಂದ ಮಾರನೆಯ ದಿನ ನಿದ್ದೆಗಣ್ಣಿನಲ್ಲಿ ಅಂಗಡಿಯಿಂದ ಒಂದು ಕಪ್ ಮೊಸರು ತಂದು, ಕೈ ತಾನಾಗಿ ಒಂದು ಚೀಟಿಯ ಮೇಲೆ 'ಸುಮಾ' ಎಂದು ಬರೆದು ಅಂಟಿಸಿ, ಫ್ರಿಜ್ಜಿನಲ್ಲಿಟ್ಟಿದ್ದೆ.

"ಅಮ್ಮ ನೋಡಿದ್ಲು. ಅವಳ ಮಾವನ ಮನೇಲಿ ಅಣ್ಣತಮ್ಮಂದಿರು ಪಾಲಾದಾಗ ಮೊದಲು ಬೇರೆ ಆಗಿದ್ದೇ ಮೊಸರಿನ ಪಾತ್ರೆಯಂತೆ. 'ಬೇರೆ ಆಗ್ಬೇಕು ಅಂತ ಮನಸಲ್ಲಿದ್ರೆ ಆಗ್ಲಿ ಬಿಡು, ಇರೋವಷ್ಟು ದಿನ ಮರ್ಯಾದೆಯಿಂದ ನೋಡ್ಕೊಳೋಣ' ಅಂದ್ಬಿಟ್ಲು."

"ನೀವು ಹೇಳ್ಬಾರ್ದಾ, ಹಾಗೇನಿಲ್ಲ ಅಂತ?"

"ನನಗೇನ್ ಗೊತ್ತು? ನಾನೂ ಹಾಗೇ ಇರ್ಬೋದು ಅಂದ್ಕೊಂಡಿದ್ದೆ" ಎಂದ ಆ ಮಹಾನುಭಾವ. ದಂಟಿನ ಸೊಪ್ಪು ಬಲಿತಿದೆ ಎಂದು ಕೆಳಗಿಟ್ಟ. ನನಗೆ ನಗು ಬರಬೇಕೋ ಅಳು ಬರಬೇಕೋ ಗೊತ್ತಾಗದೆ ಎರಡೂ ಸೇರಿ ಬಿಕ್ಕಳಿಕೆ ಬಂತು.

ಈಗ ಇದನ್ನು ಸರಿಪಡಿಸುವುದು ಹೇಗೆ? ಅತ್ತೆಯ ಹತ್ತಿರ ಹೋಗಿ ಸಾರಿ ಕೇಳಿದರೆ ಕೆಟ್ಟಿತು. ಅದೂ ಹೊರಗಿನವರ ಮಾತೇ. ಮನೆಯವರು ಮಾಡುವ ಹಾಗೆ ಏನಾದರೂ ಮಾಡಿ ತೋರಿಸಬೇಕು ಅನ್ನಿಸಿತು. ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಚೀಟಿಯನ್ನು ಕಿತ್ತುಹಾಕಿದೆ, ಅಂಗಡಿ ಮೊಸರನ್ನು ಕೆಲಸದ ಕಮಲಮ್ಮನಿಗೆ ಕೊಟ್ಟು ಕಳಿಸಿದೆ. ಆಮೇಲೆ ಮನೆಯ ಮೊಸರಿನ ಪಾತ್ರೆಯನ್ನು ಯಾರನ್ನೂ ಕೇಳದೆ ಈಚೆಗೆ ತೆಗೆದು, ತಣ್ಣಗಿನ ಅನ್ನಕ್ಕೆ ಸುರಿದುಕೊಂಡು, ಮಾವಿನಮಿಡಿ ಕಚ್ಚಿಕೊಂಡು ಉಂಡೆ. ಸ್ಕಾಟ್ಲೆಂಡಿನ ಡಬ್ಬಿ ಮೊಸರನ್ನು ನೆನೆಸಿಕೊಂಡು ಇನ್ನಷ್ಟು ಉಂಡೆ. ಮುಗಿದ ಮೇಲೆ ಪಾತ್ರೆಯನ್ನು ಫಳಫಳ ತೊಳೆದು ಬೋರಲು ಹಾಕಿದೆ. ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಸ್ವಲ್ಪ ಹೊತ್ತು ನಿದ್ದೆಯೂ ಬಂತು.

ಎಚ್ಚರವಾಗಿದ್ದು ಸಂಜೆ, ಅಡುಗೆಮನೆಯಿಂದ ಬಂದ ದನಿಗೆ. "ಮೊಸರು ಯಾರು ಖಾಲಿ ಮಾಡಿದ್ದು?"

ಎದ್ದು ಹೋದೆ. ಅತ್ತೆ ಒಂದು ಕೈಯಲ್ಲಿ ಬೆಚ್ಚಗಿನ ಹಾಲಿನ ಪಾತ್ರೆ, ಇನ್ನೊಂದು ಕೈಯಲ್ಲಿ ನಾನು ತೊಳೆದಿಟ್ಟ ಪಾತ್ರೆ ಹಿಡಿದು ನಿಂತಿದ್ದರು. "ನಾನೇ ಅತ್ತೆ" ಎಂದೆ.

"ಹೆಪ್ಪಿಗೆ ಒಂದು ಚಮಚ ಬಿಡಬೇಕು ಅಂತ ಗೊತ್ತಾಗ್ಲಿಲ್ವೇನೇ ನಿನಗೆ?"

ಎಂಟನೇ ಕ್ಲಾಸಿನ ಮಕ್ಕಳಿಗೆ ಹಾಲು ಮೊಸರಾಗುವುದು ಹೇಗೆ ಎಂದು ಚಿತ್ರ ಬರೆದು ಪಾಠ ಮಾಡುವವಳು ನಾನು. "ಅಂಗಡಿಯಿಂದ ಒಂದು ಪ್ಯಾಕೆಟ್ ತಂದ್ಬಿಡ್ತೀನಿ" ಎಂದೆ ಮೆಲ್ಲಗೆ. ಅದು ಇನ್ನೂ ದೊಡ್ಡ ತಪ್ಪಾಯಿತು.

"ಪ್ಯಾಕೆಟ್ ಮೊಸರು ಹೆಪ್ಪಿಗೆ ಹಾಕ್ತಾರೇನೇ? ಇದು ನಾನು ಮದುವೆಯಾಗಿ ಬಂದಾಗಿಂದ ತಪ್ಪದೆ ನಡ್ಕೊಂಡ್ ಬಂದಿರೋದು. ಒಂದೇ ಮಧ್ಯಾಹ್ನಕ್ಕೆ ತೊಳೆದಿಟ್ಟಿದೀಯಲ್ಲ, ಅಷ್ಟು ದೂರ ಹೋಗಿ ಅದೇನ್ ಓದ್ಕೊಂಡ್ ಬಂದ್ಯೇ? ಚೀಟಿ ಬೇರೆ ಅಂಟಿಸ್ತಾಳೆ, ಚೀಟಿ. ನೀನು ಹೋದ ಮೇಲೂ ಎಷ್ಟೋ ದಿನ ಕೈ ತಡೀದೆ ನಿನ್ನ ಪಾಲಿನ ಮೊಸರು ಎತ್ತಿಡ್ತಿದ್ದೆ. ಬೆಳಿಗ್ಗೆ ನೋಡಿದ್ರೆ ತಿನ್ನೋರಿಲ್ಲ. ಅದನ್ನೂ ಅವನಿಗೇ ಹಾಕ್ತಿದ್ದೆ. ಅವನು ಹಾಗೆ ಊದ್ಕೊಂಡಿರೋದು ಯಾಕೆ ಅಂತೀಯಾ? ಚೀಟಿ ಇಲ್ದೇನೇ ನಡೀತಿತ್ತಲ್ಲ ಎಲ್ಲ."

ಒಂದು ವರ್ಷದಲ್ಲಿ ನಾನು ಅಷ್ಟು ಬೈಗುಳ ಒಟ್ಟಿಗೆ ಕೇಳಿರಲಿಲ್ಲ, ಅಷ್ಟು ಖುಷಿಯೂ ಆಗಿರಲಿಲ್ಲ.

"ಏನ್ ನಿಂತ್ಕೊಂಡ್ ನೋಡ್ತೀಯಾ? ಎದುರು ಮನೆ ವಿಮಲನ ಹತ್ರ ಓಡು. ಅವಳದೂ ನಮ್ಮನೆ ಹೆಪ್ಪೇ. ದೀಪ ಹಚ್ಚೋದ್ರೊಳಗೆ ಹೋಗು, ಹಚ್ಚಿದ ಮೇಲೆ ಮೊಸರು ಕೊಡಲ್ಲ ಅವಳು."

ಬಟ್ಟಲು ಹಿಡಿದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಬೈಕಿನವನೊಬ್ಬ "ನೋಡ್ಕೊಂಡ್ ಬನ್ನಿ ಆಂಟಿ" ಎಂದು ಗದರಿದ. ಅವನೂ ನಮ್ಮವನೇ ಅನ್ನಿಸಿತು. ವಿಮಲಮ್ಮ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದವರು ಎದ್ದು ಬಂದು ಒಂದು ಚಮಚ ಹಾಕಿಕೊಟ್ಟು, "ನಿಮ್ಮತ್ತೆ ದನಿ ಇಲ್ಲೀವರೆಗೂ ಕೇಳಿಸ್ತು. ಹುಷಾರಾಗಿದಾರೆ ಅನ್ನು. ಯಾಕೋ ಒಂದ್ ವಾರದಿಂದ ದನಿ ಮೆತ್ತಗಾಗಿತ್ತು" ಎಂದರು. ಬರುವಾಗ ಬಟ್ಟಲಿಗೆ ಅಂಗೈ ಮುಚ್ಚಿಕೊಂಡು ನಿಧಾನವಾಗಿ ರಸ್ತೆ ದಾಟಿದೆ. ಆವತ್ತು ರಾತ್ರಿ ಊಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ, ಯಾರೂ ಬಡಿಸಲಿಲ್ಲ. ನಾನೇ ಹಾಕಿಕೊಂಡು, ಕೊನೆಯಲ್ಲಿ ಕೂತು, ತಳದ ಅನ್ನ ಕೆರೆದುಕೊಂಡು ಉಂಡೆ. ಹಸಿವು ಚೆನ್ನಾಗಿತ್ತು.

ಮಾರನೆಯ ದಿನ ಇನ್ನೂ ಕತ್ತಲಿದ್ದಾಗಲೇ ಕೋಣೆಯ ಬಾಗಿಲು ದಬದಬ ಸದ್ದು ಮಾಡಿತು. "ಎದ್ದೇಳೇ, ಹಾಲು ಬಂತು. ಡಿಕಾಕ್ಷನ್ ಹಾಕು. ಅವನ ಡಬ್ಬಿಗೆ ಏನ್ ಮಾಡ್ತೀಯೋ ನೋಡು, ಬಟ್ಟೆ ಬೇರೆ ನೆನೆಸಿಲ್ಲ." ಪಕ್ಕದಲ್ಲಿ ಶ್ರೀಧರ ನೆಮ್ಮದಿಯಿಂದ ಮಗ್ಗುಲು ಬದಲಾಯಿಸಿ ಮತ್ತೆ ಗೊರಕೆ ಶುರುಮಾಡಿದ, ಹೆಗಲ ಟವೆಲ್ಲಿನ ಕಾಲ ಮುಗಿಯಿತೆಂದು ನಿದ್ದೆಯಲ್ಲೂ ಅವನಿಗೆ ತಿಳಿದಂತಿತ್ತು. ನಾನು ಮನೆಗೆ ಬಂದು ಮುಟ್ಟಿದ್ದೆ, ಅನುಮಾನವೇ ಇಲ್ಲ. ಎದ್ದೆ ಎಂದು ಒಳಗಿನಿಂದಲೇ ಕೂಗಿ, ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಮೊಬೈಲಿನ ಬೆಳಕಿನಲ್ಲಿ, ನನ್ನ ವಯಸ್ಸಿನವರನ್ನು ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತಾರೆಯೇ ಎಂದು ಹುಡುಕತೊಡಗಿದೆ.